ಬಡ್ತಿ ಪರೀಕ್ಷೆಯ ‘ನೀವೇನು ಮಾಡುತ್ತೀರಿ?’ ಪ್ರಶ್ನೆಗಳು

ನಿಟ್ಟುವಳ್ಳಿಯ ಸಹೋದರಿಗೆ,

ಬ್ಯಾಂಕಿನಲ್ಲಿ ಕ್ಲರ್ಕ್ ಆಗಿದ್ದು ಅಧಿಕಾರಿ ಹುದ್ದೆಗೆ ಪರೀಕ್ಷೆ ಬರೆಯುವ ನಿಮಗೆ ಸನ್ನಿವೇಶದ ಪ್ರಶ್ನೆಗಳು ದಿಗಿಲು ಹುಟ್ಟಿಸಿರುವುದು ಸಹಜ. ಗೈಡಿನ ಉತ್ತರಗಳನ್ನು ಬಾಯಿಪಾಠ ಮಾಡಬೇಡಿ. ಸನ್ನಿವೇಶ ತುಸು ಬದಲಾದರೂ ಅವು ಕೈಕೊಡುತ್ತವೆ. ರಿಸರ್ವ್ ಬ್ಯಾಂಕಿನ ಸುತ್ತೋಲೆಗಳನ್ನು ಓದಿ. ಹಾಸಿಗೆ ಹಿಡಿದ 75 ವರ್ಷದ ಪಿಂಚಣಿದಾರರ ಮಗ ಹಣ ಕೇಳಿಕೊಂಡು ಬಂದಿದ್ದಾನೆ ಎನ್ನಿ. ನಿಯಮ ಮುರಿದು ಕೊಡುವುದು ತಪ್ಪು, ‘ಅವರೇ ಬರಲಿ’ ಎಂದು ಸಾಗಹಾಕುವುದು ಇನ್ನೂ ತಪ್ಪು. 70 ದಾಟಿದವರಿಗೆ ಮನೆಬಾಗಿಲಿಗೇ ಸೇವೆ ಒದಗಿಸಲು 2017ರ ನವೆಂಬರ್ ಸುತ್ತೋಲೆ ಹೇಳಿದೆ. ಆ ದಾರಿ ತೋರಿಸುವ ಆಯ್ಕೆಯೇ ಸರಿ. ಮೇಲಧಿಕಾರಿ ನಿಮ್ಮ ಪಾಸ್‌ವರ್ಡ್ ಕೇಳಿದರೆ? ಕೊಡಬಾರದು, ಅಷ್ಟೇ.

ಇಂದಿನಿಂದಲೇ ಕೌಂಟರಿನಲ್ಲಿ ಎದುರಾಗುವ ಪೇಚಿನ ಪ್ರಸಂಗಗಳನ್ನು ಬರೆದಿಟ್ಟುಕೊಂಡು, ನಿಮ್ಮ ಶಾಖೆಯ ಹಿರಿಯರೊಡನೆ ಚರ್ಚಿಸಿ.