ಕಪ್ಪೆಯ ಮೊಟ್ಟೆಯೊಳಗೆ

ಮಳೆಗಾಲದಲ್ಲಿ ಬೆಂಗಳೂರಿನ ಜೀವನ್ ಬಿಮಾ ನಗರದಂತಹ ಬಡಾವಣೆಯಲ್ಲಿಯೂ ಖಾಲಿ ನಿವೇಶನದ ನಿಂತ ನೀರಿನಲ್ಲಿ ಗೊದಮೊಟ್ಟೆಗಳು ಕಾಣಿಸಿಕೊಳ್ಳುವುದುಂಟು. ಬಾಲ ಬಡಿದು ಈಜುವ ಈ ಜೀವಿಗೂ ಬಾಲವಿಲ್ಲದ ಕಪ್ಪೆಗೂ ಎಷ್ಟೊಂದು ಅಂತರ! ಪ್ರಾಣಿಗಳ ನೆಂಟಸ್ತನವನ್ನು ತಿಳಿಯಬೇಕಾದರೆ ನಾವು ಬೆಳೆದ ದೇಹವನ್ನು ನೋಡಿದರೆ ಸಾಲದು. ಬೆಳೆಯುತ್ತಿರುವ ಭ್ರೂಣವನ್ನೂ ನೋಡಬೇಕು.

ಕಾರ್ಡೇಟ ವಂಶದ ಪ್ರಾಣಿಗಳಿಗೆ ನಾಲ್ಕು ಮುಖ್ಯ ಲಕ್ಷಣಗಳುಂಟು: ಬೆನ್ನಿನುದ್ದಕ್ಕೂ ಹಾಯುವ ನೋಟೊಕಾರ್ಡ್ ಎಂಬ ದಂಡ, ಅದರ ಮೇಲ್ಗಡೆ ಟೊಳ್ಳಾದ ನರನಾಳ, ಗಂಟಲಿನ ಇಕ್ಕೆಲಗಳಲ್ಲಿ ಸೀಳುಗಳು ಅಥವಾ ಅವುಗಳ ಮೊದಲ ರೂಪವಾದ ಚೀಲಗಳು, ಗುದದ್ವಾರದಿಂದ ಹಿಂದಕ್ಕೆ ಚಾಚಿದ ಬಾಲ. ಇವೆಲ್ಲವೂ ಜೀವಮಾನವಿಡೀ ಉಳಿಯಬೇಕೆಂಬ ನಿಯಮವಿಲ್ಲ.

ಇವು ಮೂಡುವ ಬಗೆಯನ್ನು ಕಪ್ಪೆಯಲ್ಲಿ ನೋಡೋಣ. ಫಲಿತವಾದ ಮೊಟ್ಟೆಯು ಎರಡು, ನಾಲ್ಕು, ಎಂಟು ಎಂದು ವಿಭಾಗವಾಗುತ್ತ ಜೀವಕೋಶಗಳ ಚೆಂಡಾಗುತ್ತದೆ. ಬಳಿಕ ಹೊರಗಿನ ಕೆಲವು ಕೋಶಗಳು ಒಳಕ್ಕೆ ಸರಿಯಲು ಮೂರು ಪದರಗಳು ಏರ್ಪಡುತ್ತವೆ. ನಡುಪದರದಿಂದ ನೋಟೊಕಾರ್ಡ್ ಹುಟ್ಟುತ್ತದೆ. ಅದರ ಮೇಲಿನ ಹೊರಪದರವು ದಪ್ಪವಾಗಿ, ಅಂಚುಗಳು ಮೇಲೆದ್ದು ಕೂಡಿಕೊಂಡು ನರನಾಳವಾಗುತ್ತದೆ. ಮಿದುಳು, ಬೆನ್ನುಹುರಿಗಳು ಆಗುವುದು ಇದರಿಂದಲೇ.

ನೋಟೊಕಾರ್ಡಿನಲ್ಲಿ ಮೂಳೆಯಿಲ್ಲ. ದ್ರವದಿಂದ ಉಬ್ಬಿದ ಕೋಶಗಳು ಸುತ್ತಣ ಕವಚವನ್ನು ಒತ್ತುವುದರಿಂದ, ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ, ಅದಕ್ಕೆ ಬಿಗಿತ ಬರುತ್ತದೆ. ಮನುಷ್ಯನಲ್ಲಿ ಅದರಿಂದ ಉಳಿಯುವುದು ಬೆನ್ನೆಲುಬಿನ ಮಣಿಗಳ ನಡುವಣ ತಟ್ಟೆಗಳ ಮೃದುವಾದ ತಿರುಳು.

ಸಮುದ್ರದ ಬಂಡೆಗೆ ಅಂಟಿಕೊಂಡು ಬಾಳುವ ಆಸಿಡಿಯನ್ ನೋಡುವುದಕ್ಕೆ ಬರಿಯ ತೊಗಲಿನ ಚೀಲ. ಹಿಂದೆ ಅದನ್ನು ಮೃದ್ವಂಗಿಗಳೊಡನೆ ಎಣಿಸುತ್ತಿದ್ದರು. 1866ರಲ್ಲಿ ರಷ್ಯದ ಅಲೆಕ್ಸಾಂಡರ್ ಕೊವಲೆವ್ಸ್ಕಿಯವರು ಅದರ ಈಜುವ ಮರಿಯಲ್ಲಿ ನೋಟೊಕಾರ್ಡನ್ನೂ ನರನಾಳವನ್ನೂ ತೋರಿಸಿಕೊಟ್ಟರು. ಚೀಲವು ನಮ್ಮ ನೆಂಟನಾಯಿತು!

ಈಜುವ ಮರಿಯೇ ಇಲ್ಲದಿದ್ದರೆ? ಅದಕ್ಕೂ ನಮ್ಮ ನಾಡಿನಲ್ಲಿ ಉದಾಹರಣೆಯುಂಟು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು (1882–1960) ದಕ್ಷಿಣ ಭಾರತದ ಕಪ್ಪೆಗಳನ್ನು ಆಳವಾಗಿ ಅಭ್ಯಸಿಸಿದವರು. ಅವರ ಗೌರವಾರ್ಥವಾಗಿ 2010ರಲ್ಲಿ ಪೊದೆಗಪ್ಪೆಗಳ ಒಂದು ಕುಲಕ್ಕೆ ರಾವೋರ್ಕೆಸ್ಟಿಸ್ ಎಂದು ಹೆಸರಿಡಲಾಯಿತು. ಪಶ್ಚಿಮ ಘಟ್ಟಗಳಲ್ಲಿ ವಾಸಿಸುವ ಈ ಪುಟ್ಟ ಕಪ್ಪೆಗಳು ಕೆರೆಕುಂಟೆಗಳನ್ನು ಹುಡುಕದೆ, ತೇವದ ನೆಲದಲ್ಲಿಯೋ ಎಲೆಯ ಮೇಲೆಯೋ ಬಿದಿರಿನ ಟೊಳ್ಳಿನಲ್ಲಿಯೋ ಮೊಟ್ಟೆಯಿಡುತ್ತವೆ. ಅದರಿಂದ ಹೊರಬರುವುದು ಗೊದಮೊಟ್ಟೆಯಲ್ಲ, ಕಾಲು ಮೂಡಿದ ಮರಿಕಪ್ಪೆ. ಆದರೂ ಮೊಟ್ಟೆಯೊಳಗೆ ಭ್ರೂಣಕ್ಕೆ ಬಾಲ ಮೂಡಿ, ಕ್ರಮೇಣ ಕುಗ್ಗುತ್ತದೆ. ಈಜುವ ಕೆಲಸ ತಪ್ಪಿದರೂ ವಂಶದ ಗುರುತು ತಪ್ಪಲಿಲ್ಲ.

ಹೀಗೆ ಕೊಳದ ಹಂಗು ಹರಿದರೂ ನೀರಿನ ಹಂಗು ಹರಿಯಲಿಲ್ಲ. ಕಪ್ಪೆಯ ಮೊಟ್ಟೆಗೆ ಚಿಪ್ಪಿಲ್ಲ. ಸುತ್ತಲಿನ ಗಾಳಿ ಒಣಗಿದರೆ ಅದೂ ಒಣಗುತ್ತದೆ. ಘಟ್ಟದ ಮರಗಳ ನೆರಳನ್ನು ನಾವು ಕಡಿದುಹಾಕಿದರೆ, ಈ ಮರಿಗಳ ಬಾಳು ಮೊಟ್ಟೆಯೊಳಗೇ ಮುಗಿದುಹೋಗುತ್ತದೆ.