ಒಂದು ಪುಟ ಬರೆದ ಮೇಲೇ ಊಟ

ತಮಿಳುನಾಡಿನ ಸಿರುಮುಗೈಯಲ್ಲಿ, ನೇಕಾರ ದೇವಾಂಗರ ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಅಂಥದೊಂದು ಮನೆಯ ಎಂಟು ವರ್ಷದ ಹುಡುಗ ತರಗತಿಯಲ್ಲಿ ಕೂರುವುದಿಲ್ಲ ಎಂದು ದೂರು ಬಂದಾಗ ಶಿಕ್ಷಕರು ಕೊಟ್ಟ ಕಾರಣವೂ ಅದೇ: ಮನೆಯಲ್ಲಿ ಕನ್ನಡ ಆಡುತ್ತೀರಿ, ಅದಕ್ಕೇ ತಮಿಳು ಪಾಠ ಹತ್ತುವುದಿಲ್ಲ. ಮನೆಯವರು ನಂಬಿದರು. ಆದರೆ ಕನ್ನಡದಲ್ಲಿ ಹೇಳಿದ ಕೆಲಸವನ್ನೂ ಅವನು ಅರ್ಧಕ್ಕೇ ಬಿಡುತ್ತಿದ್ದ. ಮಗ್ಗದ ಕುಣಿಯಲ್ಲಿ ಕೂತ ಅಪ್ಪ ಲಾಳಿ ತಾ ಎಂದರೆ, ತರಲು ಹೋದವನು ಬೀದಿನಾಯಿಯ ಹಿಂದೆ ಓಡಿರುತ್ತಿದ್ದ.

ರಜೆಗೆ ತವರಿಗೆ ಬಂದ ಅತ್ತೆ ಅವನನ್ನು ತಿದ್ದಿಯೇ ತೀರುತ್ತೇನೆಂದು ಹಠ ಹಿಡಿದಳು. ಆ ಅತ್ತೆ ನಾನೇ.

"ಒಂದು ಪುಟ ಬರೆದ ಮೇಲೇ ಊಟ" ಎಂದು ಗೋಡೆಗೆ ಮುಖ ಮಾಡಿ ಕೂರಿಸಿದೆ. "ಬಿಡಿ ಅತ್ತಿಗೆ, ಮಗು ಹಸಿದಿದೆ" ಎಂದು ಅವನ ಅಮ್ಮ ಬೇಡಿಕೊಂಡರೂ ಕೇಳಲಿಲ್ಲ. ಎರಡು ಗಂಟೆಯಲ್ಲಿ ನಾಲ್ಕು ಸಾಲು. ಮೊದಲ ಸಾಲು ಗುಂಡಗಿತ್ತು, ಎರಡನೆಯದು ಗೆರೆ ಬಿಟ್ಟು ಮೇಲೇರಿತ್ತು. ಅಳಿಸಿ ಅಳಿಸಿ ಹಾಳೆ ತೂತು ಬಿದ್ದಿತ್ತು. ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಹುಡುಗ ಇಲ್ಲ. ಕೇರಿಯ ಮಗ್ಗಗಳ ಸದ್ದು ಒಂದೊಂದಾಗಿ ನಿಂತಿತು, ಎಲ್ಲರೂ ಹುಡುಕಲು ಹೊರಟರು. ಪಿಲ್ಲೂರು ಅಣೆಕಟ್ಟೆಯಿಂದ ನೀರು ಬಿಟ್ಟರೆ ಭವಾನಿ ಹೊಳೆ ಏರುತ್ತದೆಂದು ಊರಿಗೆಲ್ಲ ಗೊತ್ತು. ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಕತ್ತಲಾಗುವ ಹೊತ್ತಿಗೆ ಸಿಕ್ಕಿದ. ದಡದ ಕಲ್ಲಿನ ಮೇಲೆ, ನೀರಿಗೆ ಕಾಲು ಇಳಿಬಿಟ್ಟು ಕೂತಿದ್ದ. ಪೆನ್ಸಿಲ್ ಇನ್ನೂ ಮುಷ್ಟಿಯಲ್ಲೇ ಇತ್ತು. "ಅತ್ತೆ, ನಾಲ್ಕು ಸಾಲು ಬರೆದೆ, ಊಟ ಕೊಡ್ತೀಯಾ?" ಎಂದ.

ಆಮೇಲೆ ಕೊಯಮತ್ತೂರಿಗೆ ಕರೆದೊಯ್ದೆವು. ಅಲ್ಲಿನ ಮಕ್ಕಳ ಮನೋವೈದ್ಯರು ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿದರು. ಮನೆಗೊಂದು, ಶಾಲೆಗೊಂದು ಪ್ರಶ್ನಾವಳಿ ಕೊಟ್ಟರು. ಎಡಿಎಚ್‌ಡಿ, ಅಂದರೆ ಗಮನ ನಿಲ್ಲದೆ ಚಡಪಡಿಸುವ ತೊಂದರೆ, ಇದೆ ಎಂದು ಹೇಳುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಚಂಚಲತೆ, ಮರೆವು, ದುಡುಕು 12 ವರ್ಷಕ್ಕೆ ಮೊದಲೇ ಶುರುವಾಗಿ, ಕನಿಷ್ಠ 6 ತಿಂಗಳಿಂದ, ಒಂದಕ್ಕಿಂತ ಹೆಚ್ಚು ಕಡೆ ಕಾಣುತ್ತಿರಬೇಕು. ಆ ಲಾಳಿಯ ಸಂಗತಿ ಅಲ್ಲಿ ಲೆಕ್ಕಕ್ಕೆ ಬಂತು. ತೊಡಕು ತಮಿಳಿನದಾಗಿದ್ದರೆ ಮನೆಯಲ್ಲಿ ಕಾಣುತ್ತಿರಲಿಲ್ಲ. 1902ರಲ್ಲಿ ಲಂಡನ್ನಿನ ವೈದ್ಯ ಜಾರ್ಜ್ ಸ್ಟಿಲ್ ಇಂಥ ಮಕ್ಕಳನ್ನು ವಿವರಿಸುವಾಗ ನೈತಿಕ ಹಿಡಿತದ ಕೊರತೆ ಎಂದೇ ಕರೆದಿದ್ದರು. ವೈದ್ಯಶಾಸ್ತ್ರ ಆ ಮಾತು ಬಿಟ್ಟು ಎಷ್ಟೋ ಕಾಲವಾಯಿತು. ನಾವು ಬಿಟ್ಟಿರಲಿಲ್ಲ.

ಮಾತ್ರೆ ಎಂದಾಗ, ಮಗುವಿಗೆ ಮಂಪರು ಹಿಡಿಸುತ್ತಾರೆಂದು ಅಪ್ಪ ಹೆದರಿದ. ಆದರೆ ವೈದ್ಯರು ಬರೆದುಕೊಟ್ಟ ಮಿಥೈಲ್‌ಫೆನಿಡೇಟ್ ಮಂಪರಿನ ಮದ್ದಲ್ಲ, ಗಮನ ನಿಲ್ಲಲು ನೆರವಾಗುವ ಉತ್ತೇಜಕ. ಹಸಿವು ತಗ್ಗಬಹುದಾದ್ದರಿಂದ ತೂಕ ನೋಡುತ್ತಿರಬೇಕು. ಇವನಿಗಿಂತ ಚಿಕ್ಕ, ಆರು ವರ್ಷದೊಳಗಿನ ಮಕ್ಕಳಿಗಾದರೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ತಂದೆತಾಯಿಗೆ ಕೊಡುವ ತರಬೇತಿ. ಈಗ ಮನೆಯಲ್ಲಿ ಅವನಿಗೆ ಒಂದು ಸಲಕ್ಕೆ ಒಂದೇ ಮಾತು. ಹೋಮ್‌ವರ್ಕ್ ಹತ್ತು ಹತ್ತು ನಿಮಿಷದ ತುಂಡುಗಳಲ್ಲಿ. ಶಾಲೆಯಲ್ಲಿ ಮುಂದಿನ ಬೆಂಚು.

ಊಟ ಮಾತ್ರ ಯಾವ ಪುಟಕ್ಕೂ ಕಾಯುವುದಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದು, ಯಾರನ್ನು ಕೇಳುವುದೆಂದು ತೋಚದಿದ್ದರೆ, ಸರ್ಕಾರದ ಟೆಲಿ ಮಾನಸ್ ಸಂಖ್ಯೆ 14416ಕ್ಕೆ ಕರೆ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ತಮಿಳಿನಲ್ಲೂ ಮಾತಾಡಬಹುದು. ಕೋಲಿಗೆ ಕೈ ಹಾಕುವ ಮೊದಲು ಮಾಡಿ.