ಅಜ್ಜಾರ ವಯಸ್ಸು ಎಷ್ಟೆಂದು ಬರೆಯಬೇಕು?

ಪ್ರಶ್ನೆ: ಪಂಡಿತ ಪುಟ್ಟರಾಜ ಗವಾಯಿಗಳ ಜಯಂತಿಗೆ ಒಂದು ಪುಟದ ಪರಿಚಯ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಅವರು 96 ವರ್ಷ ಬಾಳಿದರೆಂದು ಒಂದು ಕಡೆ ಇದೆ, 97 ಎಂದು ಇನ್ನೊಂದು ಕಡೆ. ಹುಟ್ಟಿದ ಜಿಲ್ಲೆ ಧಾರವಾಡ ಎಂದು ಕೆಲವರು, ಹಾವೇರಿ ಎಂದು ಕೆಲವರು. ಪಂಚಾಕ್ಷರ ಗವಾಯಿಗಳ ಶಿಷ್ಯರು ಯಾರು, ಪುಟ್ಟರಾಜರ ಶಿಷ್ಯರು ಯಾರು ಎಂಬುದೂ ಕಲಸಿಹೋಗಿದೆ. ಯಾವುದನ್ನು ನಂಬಲಿ?
– ಓದುಗರು, ಬಿಂಕದಕಟ್ಟಿ

ಉತ್ತರ: ವಯಸ್ಸಿನ ಗೊಂದಲ ಬೇಗ ಬಗೆಹರಿಯುವಂಥದ್ದು. ಪುಟ್ಟರಾಜರು, ಅಂದರೆ ನಮ್ಮ ಅಜ್ಜಾರು, ಹುಟ್ಟಿದ್ದು 1914ರ ಮಾರ್ಚ್ 3ರಂದು, ಗದಗಿನಲ್ಲಿ ಲಿಂಗೈಕ್ಯರಾದದ್ದು 2010ರ ಸೆಪ್ಟೆಂಬರ್ 17ರಂದು. ಅಂದರೆ 96 ತುಂಬಿತ್ತು, 97 ನಡೆದಿತ್ತು. ನಮ್ಮ ಮನೆಗಳಲ್ಲಿ ಹಿರಿಯರು ನಡೆಯುವ ವರ್ಷವನ್ನೇ ವಯಸ್ಸೆಂದು ಹೇಳುತ್ತಾರೆ, ಸರ್ಕಾರಿ ಕಾಗದ ತುಂಬಿದ ವರ್ಷವನ್ನು ಹಿಡಿಯುತ್ತದೆ. ನೀವು ನೋಡಿದ ಎರಡೂ ಕಡೆ ಸುಳ್ಳಿಲ್ಲ. ಪಕ್ಕದ ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿಯವರದೂ ಇದೇ ಕಥೆ. 1922ರ ಫೆಬ್ರುವರಿ 4ರಂದು ಹುಟ್ಟಿ 2011ರ ಜನವರಿ 24ರಂದು ತೀರಿಕೊಂಡರು. ಇನ್ನು ಹನ್ನೊಂದು ದಿನ ಕಳೆದಿದ್ದರೆ 89 ತುಂಬುತ್ತಿತ್ತು. ಇಂಥಲ್ಲಿ ವಯಸ್ಸು ಬರೆಯುವ ಬದಲು ಎರಡೂ ದಿನಾಂಕಗಳನ್ನು ಕೊಟ್ಟುಬಿಡಿ, ಲೆಕ್ಕ ಓದುವವರು ಮಾಡಿಕೊಳ್ಳಲಿ.

ಜಿಲ್ಲೆಯ ಮಾತೂ ಹೀಗೆಯೇ. ಅಜ್ಜಾರು ಹುಟ್ಟಿದ ಹಾನಗಲ್ಲ ತಾಲ್ಲೂಕು 1914ರಲ್ಲಿ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ಹಾವೇರಿ, ಗದಗ ಎರಡೂ ಜಿಲ್ಲೆಗಳು ಧಾರವಾಡದಿಂದ ಬೇರೆಯಾದದ್ದು 1997ರಲ್ಲಿ. ‘ಆಗಿನ ಧಾರವಾಡ, ಈಗಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲ್ಲೂಕು’ ಎಂದು ಬರೆದರೆ ಯಾರೂ ತಕರಾರು ತೆಗೆಯಲಾರರು. ‘ಗದಗಿನಲ್ಲಿ ಹುಟ್ಟಿದರು’ ಎಂದು ಮಾತ್ರ ಬರೆಯಬೇಡಿ. ಗದಗು ಅವರನ್ನು ಎಷ್ಟೇ ತನ್ನವರೆಂದುಕೊಂಡರೂ, ಅವರು ಹಾನಗಲ್ಲ ಸೀಮೆಯಿಂದ ಬಂದವರು.

ನಿಮ್ಮ ಮೂರನೆಯ ಪ್ರಶ್ನೆಯೇ ನನ್ನನ್ನು ಹೆಚ್ಚು ಕಾಡಿದ್ದು, ಏಕೆಂದರೆ ಇಲ್ಲಿ ತಪ್ಪಿದರೆ ಒಬ್ಬರ ದುಡಿಮೆ ಇನ್ನೊಬ್ಬರ ಹೆಸರಿಗೆ ಹೋಗುತ್ತದೆ. ಗುರು ಪಂಚಾಕ್ಷರರು 1892ರಲ್ಲಿ ಹುಟ್ಟಿದ್ದು ಅದೇ ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ, ಬಾಲ್ಯದ ಹೆಸರು ಗದಿಗೆಯ್ಯ. ಪುಟ್ಟರಾಜರಂತೆ ಅವರಿಗೂ ಕಣ್ಣಿರಲಿಲ್ಲ. ಅವರನ್ನು ಕೈಹಿಡಿದು ಸಂಗೀತಕ್ಕೆ ಹಚ್ಚಿದವರು ಶಿವಯೋಗಮಂದಿರ ಕಟ್ಟಿದ ಹಾನಗಲ್ಲ ಕುಮಾರಸ್ವಾಮಿಗಳು. ಪಂಚಾಕ್ಷರರು ಹಿಂದುಸ್ತಾನಿ, ಕರ್ನಾಟಕ ಎರಡನ್ನೂ ಕಲಿತು, ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಪಾಠಶಾಲೆ ನಡೆಸಿ, ಕೊನೆಗೆ ಗದಗಿನಲ್ಲಿ ನೆಲೆನಿಂತರು. 1944ರಲ್ಲಿ ಅವರು ತೀರಿಕೊಂಡ ಮೇಲೆ ಅಲ್ಲಿನ ವೀರೇಶ್ವರ ಪುಣ್ಯಾಶ್ರಮದ ಹೊಣೆ ಮೂವತ್ತು ವರ್ಷದ ಪುಟ್ಟರಾಜರ ಹೆಗಲಿಗೆ ಬಂತು. ಇಬ್ಬರದೂ ಒಂದೇ ತಾಲ್ಲೂಕು, ಒಂದೇ ಆಶ್ರಮ, ಇಬ್ಬರಿಗೂ ದೃಷ್ಟಿಯಿಲ್ಲ, ಇಬ್ಬರೂ ಗವಾಯಿಗಳು, ಜನ ಇಬ್ಬರನ್ನೂ ಗಾನಯೋಗಿ ಎಂದೇ ಕರೆಯುತ್ತಾರೆ. ಕಲಸಿಹೋಗದೆ ಇನ್ನೇನಾದೀತು?

ಬಿಡಿಸಿಕೊಳ್ಳಲು 1944 ಎಂಬ ಒಂದು ಇಸವಿ ಸಾಕು. ಗಾಯಕ ಬಸವರಾಜ ರಾಜಗುರು ಪಂಚಾಕ್ಷರರ ಬಳಿ ಕಲಿತವರು. ಇನ್ನೊಬ್ಬ ಗಾಯಕ ಎಂ. ವೆಂಕಟೇಶಕುಮಾರ್ ಹುಟ್ಟಿದ್ದೇ 1953ರಲ್ಲಿ. ಆಶ್ರಮದಲ್ಲಿ ಅವರನ್ನು ತಿದ್ದಿ ತೀಡಿದವರು ಪುಟ್ಟರಾಜರು. ಯಾರಾದರೂ ವೆಂಕಟೇಶಕುಮಾರರನ್ನು ಪಂಚಾಕ್ಷರರ ನೇರ ಶಿಷ್ಯರೆಂದು ಬರೆದರೆ, ಆ ಬರಹದ ಉಳಿದ ಸಾಲುಗಳನ್ನೂ ಒಮ್ಮೆ ತಡೆದು ಓದಬೇಕು.

ಸಿನಿಮಾದಿಂದ ಬಂದ ತೊಡಕೂ ಒಂದಿದೆ. 1995ರ ‘ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ’ ಚಿತ್ರಕ್ಕಾಗಿ ಹಂಸಲೇಖ ಅವರಿಗೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು. ನಮ್ಮ ಭಾಗದ ಮನೆಮನೆಗೆ ಆ ಬದುಕನ್ನು ಮುಟ್ಟಿಸಿದ ಚಿತ್ರ ಅದು, ನನಗೂ ಪ್ರಿಯವಾದದ್ದು. ಆದರೆ ತೆರೆಯ ಮೇಲೆ ಕಣ್ಣೀರು ತರಿಸಿದ ದೃಶ್ಯವನ್ನು ನಡೆದ ಘಟನೆಯೆಂದು ಪರಿಚಯದಲ್ಲಿ ಸೇರಿಸಬಾರದು. ಅದಕ್ಕೆ ಬೇರೆ ಆಧಾರ ಸಿಕ್ಕರೆ ಸೇರಿಸಿ.

ವಾದ್ಯಗಳ ಬಗ್ಗೆ ಬರೆಯುವಾಗಲೂ ಎಚ್ಚರ ಬೇಕು. ಅಜ್ಜಾರು ಹಾಡುಗಾರರು, ಜೊತೆಗೆ ಪೇಟಿ (ಹಾರ್ಮೋನಿಯಂ), ತಬಲಾ, ಪಿಟೀಲು, ವೀಣೆ, ಮೃದಂಗಗಳ ಮೇಲೂ ಕೈ ಆಡಿಸಿದವರು. ಪೇಟಿಗೆ ಅದರದೇ ಚರಿತ್ರೆಯಿದೆ: ನಮ್ಮ ಗಮಕ, ಮೀಂಡುಗಳು ಅದರಲ್ಲಿ ಹುಟ್ಟುವುದಿಲ್ಲವೆಂದು ಆಕಾಶವಾಣಿ 1940ರಲ್ಲಿ ಅದನ್ನು ಹೊರಗಿಟ್ಟಿತು. ನಿಷೇಧ ಸಡಿಲವಾದದ್ದು 1971ರಲ್ಲಿ. ಹಾಗಾಗಿ ಯಾವುದೇ ಕಲಾವಿದರ ಬಗ್ಗೆ ‘1950ರ ದಶಕದಲ್ಲಿ ಆಕಾಶವಾಣಿಯಲ್ಲಿ ಪೇಟಿ ನುಡಿಸಿ ಹೆಸರಾದರು’ ಎಂಬ ಮಾತು ಕಂಡರೆ ಅದನ್ನು ಹಾಗೆಯೇ ಇಳಿಸಿಕೊಳ್ಳಬೇಡಿ. ರೇಡಿಯೋ ಬಾಗಿಲು ಮುಚ್ಚಿದ್ದ ಆ ಮೂವತ್ತು ವರ್ಷ ಪೇಟಿಯನ್ನು ಉಳಿಸಿದ್ದು ನಾಟಕದ ಕಂಪನಿಗಳು, ಭಜನಾ ಮೇಳಗಳು, ಮಠದ ಪುರಾಣ ಪ್ರವಚನಗಳು. ಆಶ್ರಮಕ್ಕೂ ತನ್ನದೇ ನಾಟಕ ಕಂಪನಿ ಇತ್ತು. ಅನ್ನ, ವಿದ್ಯೆ ಎರಡನ್ನೂ ಬಿಟ್ಟಿ ಕೊಡುವ ಮನೆ ನಡೆಯಬೇಕಾದರೆ ರಾತ್ರಿಯಿಡೀ ನಾಟಕ ಆಡಬೇಕಾಗುತ್ತಿತ್ತು. ನಿಮ್ಮ ಒಂದು ಪುಟದಲ್ಲಿ ಪ್ರಶಸ್ತಿಗಳ ಪಟ್ಟಿಯನ್ನು ಮೊಟಕು ಮಾಡಿಯಾದರೂ ಈ ಮಾತಿಗೆ ಜಾಗ ಕೊಡಿ ಎಂದು ಕೇಳಿಕೊಳ್ಳುತ್ತೇನೆ. 2010ರ ಪದ್ಮಭೂಷಣ ಒಂದು ಸಾಲಿನಲ್ಲಿ ಮುಗಿಯುತ್ತದೆ. ಕಣ್ಣಿಲ್ಲದ ಮಕ್ಕಳನ್ನು ಭಿಕ್ಷೆಗೆ ಕೂರಿಸದೆ ಗವಾಯಿಗಳನ್ನಾಗಿ ಮಾಡಿದ ಅರುವತ್ತಾರು ವರ್ಷಗಳ ಹೊಣೆ ಒಂದು ಸಾಲಿಗೆ ಹಿಡಿಸುವುದಿಲ್ಲ.

ತುಲಾಭಾರಗಳ ಎಣಿಕೆ, ಪವಾಡಗಳ ಮಾತು ಬಂದಾಗ ಏನು ಮಾಡಬೇಕೆಂದು ನೀವು ಕೇಳಿಲ್ಲ, ಆದರೆ ಬರೆಯಲು ಕೂತರೆ ಕೇಳಬೇಕಾಗುತ್ತದೆ. ಭಕ್ತರು ಹೇಳಿದ್ದನ್ನು ‘ಭಕ್ತರು ಹೇಳುತ್ತಾರೆ’ ಎಂದೇ ಬರೆಯಿರಿ. ಅದರಿಂದ ಯಾರ ಭಕ್ತಿಗೂ ಕುಂದಿಲ್ಲ. ಪವಾಡವೇ ಪುಟ ತುಂಬಿಬಿಟ್ಟರೆ ಬೆಳಗಿನ ಜಾವ ಕೂತು ಒಂದೊಂದು ಸ್ವರ ಬಾಯಿಪಾಠ ಮಾಡಿಸಿದ ಮೇಷ್ಟ್ರು ಕಾಣದಂತಾಗುತ್ತಾರೆ ಎಂಬುದಷ್ಟೇ ನನ್ನ ಸಂಕಟ.

ನಿಮಗಿರುವ ಅನುಕೂಲ ಬೆಂಗಳೂರಿನಲ್ಲಿ ಕೂತು ಬರೆಯುವವರಿಗಿಲ್ಲ. ಬಿಂಕದಕಟ್ಟಿಯಿಂದ ಆಶ್ರಮ ಹತ್ತಿರ. ಅಜ್ಜಾರ ಕೈಯಲ್ಲಿ ಕಲಿತವರು ಇನ್ನೂ ಇದ್ದಾರೆ. ಹೋಗಿ ಕೇಳಿ: ನೀವು ಸೇರಿದ ವರ್ಷ ಯಾವುದು, ಮೊದಲು ಹೇಳಿಕೊಟ್ಟ ರಾಗ ಯಾವುದು, ನಿಮ್ಮ ಜೊತೆ ಪಾಠಕ್ಕೆ ಕೂತವರು ಯಾರು, ಅಜ್ಜಾರು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದವರು ಯಾರು, ಕಂಪನಿ ಯಾವ ಊರಲ್ಲಿ ಕ್ಯಾಂಪ್ ಮಾಡಿತ್ತು. ಹೇಳಿದವರ ಒಪ್ಪಿಗೆ ಪಡೆದು, ಹೆಸರು, ತಾರೀಖು ಸಮೇತ ಬರೆದಿಟ್ಟುಕೊಳ್ಳಿ. ಇಬ್ಬರ ನೆನಪು ಒಂದಕ್ಕೊಂದು ತಾಳೆಯಾಗದಿದ್ದರೆ ಎರಡನ್ನೂ ಉಳಿಸಿ. ಬರೆದದ್ದರ ಒಂದು ಪ್ರತಿಯನ್ನು ಆಶ್ರಮಕ್ಕೂ ಕೊಟ್ಟು ಬನ್ನಿ.